ಲಾವೋಸ್ ಕಾಡಿನ ಮರಮನೆ, ಜಿಪ್‌ಲೈನ್: ಗೆಳೆಯರ ಜೊತೆ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಐದು ಜನ ಗೆಳೆಯರು. ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಥಾಯ್ಲೆಂಡ್ ಕಡೆಯಿಂದ ಲಾವೋಸಿಗೆ ದಾಟಿ, ಅಲ್ಲಿನ ಕಾಡಿನಲ್ಲಿ ಜಿಪ್‌ಲೈನ್, ಅಂದರೆ ಕಣಿವೆಯ ಮೇಲೆ ಕಟ್ಟಿದ ಉಕ್ಕಿನ ಹಗ್ಗಕ್ಕೆ ನೇತುಬಿದ್ದು ಜಾರುತ್ತ, ಎರಡು ರಾತ್ರಿ ಮರದ ಮೇಲೆ ಮಲಗಿ ಬಂದೆವು. ಬಂದಾಗಿನಿಂದ ಕೇಳುವವರು ಕೇಳುತ್ತಲೇ ಇದ್ದಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಈ ಮರಮನೆಗಳು ನಿಜವಾಗಿ ಎಲ್ಲಿವೆ?

ಲಾವೋಸಿನ ವಾಯುವ್ಯ ಮೂಲೆಯಲ್ಲಿ, ಬೊಕೆಯೊ ಪ್ರಾಂತ್ಯದ ನಾಮ್ ಕಾನ್ ರಾಷ್ಟ್ರೀಯ ಉದ್ಯಾನದಲ್ಲಿ. ಹತ್ತಿರದ ಊರು ಹುವಾಯ್ ಸಾಯ್. ಮೆಕಾಂಗ್ ನದಿಯ ದಂಡೆಯ ಮೇಲಿನ ಊರದು, ಎದುರು ದಂಡೆಯಲ್ಲಿ ಥಾಯ್ಲೆಂಡಿನ ಚಿಯಾಂಗ್ ಖೋಂಗ್ ಕಾಣುತ್ತದೆ. ಬೊಕೆಯೊ ಅಂದರೆ ಲಾವೊ ಭಾಷೆಯಲ್ಲಿ ರತ್ನದ ಗಣಿ. ಹಿಂದೆ ಇಲ್ಲಿ ನೀಲಮಣಿ ತೆಗೆಯುತ್ತಿದ್ದರಂತೆ ಎಂದು ಕೇಳಿದಾಗ ನಮಗೆ ಅಷ್ಟೇನೂ ಅನಿಸಿರಲಿಲ್ಲ. ಕಾಡು ನೋಡಿದ ಮೇಲೆ ಹೆಸರು ಸರಿಯಾಗಿದೆ ಅನಿಸಿತು.

ಇಲ್ಲಿ ಮರಮನೆಗಳನ್ನು ಕಟ್ಟಿ ನಡೆಸುತ್ತಿರುವ ಯೋಜನೆಯ ಹೆಸರು ಗಿಬ್ಬನ್ ಎಕ್ಸ್‌ಪೀರಿಯನ್ಸ್. ಗಿಬ್ಬನ್ ಅಂದರೆ ಮರಗಳ ಮೇಲೇ ಬದುಕುವ, ಬೆಳಗಿನ ಹೊತ್ತು ಹಾಡುವ ಬಾಲವಿಲ್ಲದ ವಾನರ. ಈ ಕಾಡಿಗೆ ರಾಷ್ಟ್ರೀಯ ಉದ್ಯಾನ ಎಂಬ ಪಟ್ಟ ಸಿಕ್ಕಿದ್ದು 2008ರಲ್ಲಿ. ವಿಸ್ತಾರ ಒಂದು ಲಕ್ಷ ಹೆಕ್ಟೇರಿಗೂ ಜಾಸ್ತಿ.

ಅಲ್ಲಿಗೆ ಹೋಗುವುದು ಹೇಗೆ?

ಬ್ಯಾಂಕಾಕಿನಿಂದ ಚಿಯಾಂಗ್ ರಾಯ್‌ಗೆ ವಿಮಾನ ಅಥವಾ ರಾತ್ರಿ ಬಸ್ಸು. ಅಲ್ಲಿಂದ ಚಿಯಾಂಗ್ ಖೋಂಗ್‌ಗೆ ಬಸ್ಸು. ಮೊದಲು ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದರು. 2013ರ ಡಿಸೆಂಬರಿನಲ್ಲಿ ನಾಲ್ಕನೇ ಥಾಯ್–ಲಾವೊ ಸ್ನೇಹ ಸೇತುವೆ ತೆರೆಯಿತು, ಈಗ ಹೊರದೇಶದವರೆಲ್ಲ ಅದರ ಮೇಲೇ ಹೋಗಬೇಕು. ಸೇತುವೆ ಮೇಲೆ ನಡೆದುಕೊಂಡು ಹೋಗುವಂತಿಲ್ಲ, ಅದಕ್ಕೆಂದೇ ಬಸ್ಸಿದೆ. ಆಚೆ ಇಳಿದರೆ ಊರು ಇನ್ನೂ ಸುಮಾರು ಹತ್ತು ಕಿಲೋಮೀಟರ್. ಟುಕ್‌ಟುಕ್ ಹಿಡಿಯಿರಿ.

ಕಾಡಿಗೆ ಗಾಡಿ ಹೊರಡುವುದು ಬೆಳಿಗ್ಗೆ. ಅದೇ ದಿನ ಗಡಿ ದಾಟಿ ಓಡೋಡಿ ಹೋಗುತ್ತೇನೆ ಅನ್ನಬೇಡಿ. ಹಿಂದಿನ ಸಂಜೆಯೇ ಹುವಾಯ್ ಸಾಯ್ ಸೇರಿಕೊಳ್ಳಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಪಾಸ್‌ಪೋರ್ಟಿಗೆ ಆರು ತಿಂಗಳ ಆಯಸ್ಸು ಉಳಿದಿರಲಿ. ಫೋಟೊ ಜೊತೆಗಿರಲಿ. ಡಾಲರ್ ಕೊಡುವುದಾದರೆ ಮಡಿಕೆ, ಕಲೆ ಇಲ್ಲದ ನೋಟು ಕೊಡಿ. ಹರಿದ ನೋಟನ್ನು ತೆಗೆದುಕೊಳ್ಳುವುದಿಲ್ಲ.

ಎರಡು ದಿನದ ಪ್ರವಾಸ ಸಾಕಾ, ಮೂರು ದಿನದ್ದು ಬೇಕಾ?

ಮೂರು ದಿನದ್ದು. ಕಾರಣ ಒಂದೇ: ಎರಡು ಬೆಳಗು ಸಿಗುತ್ತವೆ. ಮೊದಲ ದಿನವೆಲ್ಲ ಜೀಪು, ಏರು, ಹಾರ್ನೆಸ್ (ಹಗ್ಗಕ್ಕೆ ನೇತುಬೀಳಲು ಮೈಗೆ ಕಟ್ಟುವ ಪಟ್ಟಿ) ಅಭ್ಯಾಸ ಅಂತ ಕಳೆದುಹೋಗುತ್ತದೆ. ಒಂದೇ ಬೆಳಗು ಇದ್ದು, ಅವತ್ತೇ ಮಂಜು ಕವಿದರೆ ಗಿಬ್ಬನ್ ದನಿ ಕೇಳದೆ ವಾಪಸು ಬರಬೇಕಾಗುತ್ತದೆ. ನಮ್ಮ ಮೊದಲ ಬೆಳಗು ಹಾಗೇ ಹೋಯಿತು.

ಮರಮನೆ ಅಂದರೆ ಹೇಗಿರುತ್ತದೆ? ನಿಜವಾಗಿಯೂ ಮರದ ಮೇಲೆಯೇ?

ಹೌದು, ಮರದ ಮೇಲೆಯೇ. ನೆಲದಿಂದ 30–40 ಮೀಟರ್ ಮೇಲೆ. ಹತ್ತು ಮಹಡಿ ಕಟ್ಟಡದ ತಾರಸಿಯಷ್ಟು ಎತ್ತರ ಅಂದುಕೊಳ್ಳಿ. ಏಣಿ ಹತ್ತಿ ಹೋಗುವುದಲ್ಲ. ಪಕ್ಕದ ಗುಡ್ಡದಿಂದ ತಂತಿಗೆ ನೇತುಬಿದ್ದು ಜಾರಿ, ನೇರವಾಗಿ ಮನೆಯ ಜಗಲಿಗೆ ಬಂದು ಇಳಿಯುತ್ತೀರಿ. ಹೊರಗೆ ಹೋಗುವುದೂ ತಂತಿಯಲ್ಲೇ.

ಗೋಡೆ ಇಲ್ಲ. ಸುತ್ತ ಕಟಕಟೆ, ಮೇಲೆ ಮಾಡು, ಕೆಳಗೆ ಹಲಗೆ. ಹಲಗೆಗಳ ಸಂದಿಯಲ್ಲಿ ಕಣ್ಣಿಟ್ಟರೆ ಕೆಳಗೆ ಬೇರೆ ಮರಗಳ ತಲೆ ಕಾಣುತ್ತದೆ, ನೆಲ ಕಾಣುವುದಿಲ್ಲ. ಮೊದಲ ಸಲ ಹಾಗೆ ನೋಡಿದಾಗ ನನ್ನ ಅಂಗಾಲು ಜುಮ್ಮೆಂದಿತು. ಹಾಸಿಗೆ ಹಲಗೆಯ ಮೇಲೇ. ಅದರ ಮೇಲೆ ದಪ್ಪ ಬಟ್ಟೆಯ ಪರದೆ, ಡೇರೆಯ ಹಾಗೆ. ಅದರ ಅಂಚನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿದರೆ ಹುಳ ಹುಪ್ಪಟೆ ಒಳಗೆ ಬರುವುದಿಲ್ಲ.

ರಾತ್ರಿ ಗಾಳಿ ಬೀಸಿದಾಗ ಮನೆ ತೂಗುತ್ತದೆ. ಮರ ಜೀವಂತ ಇದೆ, ತೂಗಲೇಬೇಕು. ಹಲಗೆ ಕಿರ್ರ್ ಅನ್ನುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ಕಿರ್ರ್ ಅನ್ನುತ್ತದೆ. ಮೊದಲ ರಾತ್ರಿ ಆ ಸದ್ದಿಗೇ ಎಚ್ಚರವಾಗುತ್ತಿತ್ತು. ಎರಡನೆಯ ರಾತ್ರಿ ಅದೇ ಸದ್ದು ತೊಟ್ಟಿಲಿನ ಹಾಗೆ ನಿದ್ದೆ ತರಿಸಿತು.

ಬಚ್ಚಲು, ಪಾಯಿಖಾನೆ?

ಎರಡೂ ಇವೆ. ನೀರೂ ಇದೆ. ಕಾಡಿನತ್ತ ಇರುವ ಬದಿಗೆ ಮಾತ್ರ ಗೋಡೆಯಿಲ್ಲ. ಷವರ್ ಅಡಿಯಲ್ಲಿ ನಿಂತರೆ ಎದುರಿಗೆ ಕಣಿವೆ, ಕಾಲ ಕೆಳಗೆ ಜಾಲರಿಯಂತಹ ನೆಲ, ನಿಮ್ಮ ಮೈಮೇಲಿನ ನೀರು ಮಳೆಯಾಗಿ ಕೆಳಗೆ ಬೀಳುತ್ತದೆ. ಅದಕ್ಕೇ ಸೋಪು ಕಡಿಮೆ ಬಳಸಿ. ನೀರು ತಣ್ಣಗಿರುತ್ತದೆ. ಮಧ್ಯಾಹ್ನವೇ ಸ್ನಾನ ಮುಗಿಸಿಕೊಳ್ಳಿ, ಸಂಜೆ ಆದಮೇಲೆ ಯಾರಿಗೂ ಧೈರ್ಯ ಬರುವುದಿಲ್ಲ.

ಜಿಪ್‌ಲೈನ್ ಹೇಗೆ ಕೆಲಸ ಮಾಡುತ್ತದೆ? ಮುಂಚೆ ಮಾಡಿದ ಅನುಭವ ಬೇಕಾ?

ಅನುಭವ ಬೇಕಿಲ್ಲ. ಹೇಳಿದ್ದನ್ನು ಕೇಳುವ ಗುಣ ಬೇಕು.

ಎರಡು ಮರಗಳ ನಡುವೆ ಉಕ್ಕಿನ ಹಗ್ಗ. ಕೆಲವು 500 ಮೀಟರಿಗೂ ಉದ್ದ. ಹೊರಡುವ ತುದಿ ಸ್ವಲ್ಪ ಎತ್ತರ, ತಲುಪುವ ತುದಿ ಸ್ವಲ್ಪ ತಗ್ಗು. ಹಗ್ಗ ತನ್ನ ಭಾರಕ್ಕೇ ನಡುವೆ ಜೋಲುತ್ತದೆ. ಹಾಗಾಗಿ ಮೊದಲು ಸರ್ರನೆ ಇಳಿಯುತ್ತೀರಿ, ಜೋಲಿನ ತಳ ದಾಟಿದ ಮೇಲೆ ಸ್ವಲ್ಪ ಏರು ಸಿಕ್ಕಿ ವೇಗ ತಾನಾಗಿ ಕಮ್ಮಿಯಾಗುತ್ತದೆ.

ಸೊಂಟ, ತೊಡೆಗೆ ಹಾರ್ನೆಸ್ ಕಟ್ಟಿರುತ್ತಾರೆ. ಅದರಿಂದ ಎರಡು ಪಟ್ಟಿ ಹೊರಡುತ್ತವೆ. ಒಂದರ ತುದಿಯಲ್ಲಿ ರೋಲರ್, ಅದು ಹಗ್ಗದ ಮೇಲೆ ಓಡುವ ಗಾಲಿ. ಇನ್ನೊಂದರ ತುದಿಯಲ್ಲಿ ಸೇಫ್ಟಿ ಕೊಕ್ಕೆ, ಅಂದರೆ ಕ್ಯಾರಾಬಿನರ್. ಮೊದಲು ಸೇಫ್ಟಿ ಕೊಕ್ಕೆ ಹಾಕುವುದು, ಆಮೇಲೆ ರೋಲರ್ ಕೂರಿಸುವುದು. ತಲುಪಿದ ಮೇಲೆ ಉಲ್ಟಾ: ರೋಲರ್ ಮೊದಲು ತೆಗೆಯುವುದು, ಸೇಫ್ಟಿ ಕೊನೆಗೆ. ಯಾವ ಕ್ಷಣದಲ್ಲೂ ಒಂದಾದರೂ ಕೊಕ್ಕೆ ಹಗ್ಗಕ್ಕೆ ಸಿಕ್ಕಿರಲೇಬೇಕು. ಈ ಒಂದು ಮಾತನ್ನು ಮಲಗಿದ್ದಾಗ ಎಬ್ಬಿಸಿ ಕೇಳಿದರೂ ಹೇಳುವ ಹಾಗಿರಬೇಕು.

ಇನ್ನು ಕೂರುವ ರೀತಿ. ಹೊರಡುವಾಗ ಹಾರಬೇಡಿ. ಹಾರ್ನೆಸ್‌ನಲ್ಲಿ ಕುರ್ಚಿಯಲ್ಲಿ ಕೂತ ಹಾಗೆ ಕೂತು ಭಾರ ಬಿಡಿ, ಆಮೇಲೆ ಕಾಲೆತ್ತಿ. ಕಾಲು ಮುಂದೆ ಚಾಚಿ, ಬೆನ್ನು ಸ್ವಲ್ಪ ಹಿಂದೆ ಬಾಗಿಸಿ. ಕೈ ರೋಲರಿನ ಮೇಲೆ ಇರಲಿ. ರೋಲರಿನ ಮುಂದೆ ಇರುವ ಹಗ್ಗವನ್ನು ಯಾವತ್ತೂ ಮುಟ್ಟಬೇಡಿ, ಗಾಲಿ ಬೆರಳ ಮೇಲೆ ಹತ್ತುತ್ತದೆ. ಮೈ ತಿರುಗಲು ಶುರುವಾದರೆ ಗಾಬರಿಯಾಗದೆ ರೋಲರನ್ನು ಉಲ್ಟಾ ದಿಕ್ಕಿಗೆ ಸ್ವಲ್ಪ ತಿರುವಿ.

ನಮ್ಮ ರೋಲರಿನ ಹಿಂದೆ ಬ್ರೇಕಿಗೆ ಅಂತ ಒಂದು ತುಂಡು ರಬ್ಬರ್ ಇತ್ತು, ಸೈಕಲ್ ಟೈರಿನ ತುಂಡು. ಅದನ್ನು ಹಗ್ಗಕ್ಕೆ ಒತ್ತಿದರೆ ವೇಗ ಇಳಿಯುತ್ತದೆ. ನೋಡಿದಾಗ ಇಷ್ಟೇನಾ ಅನಿಸಿತ್ತು. ಬಳಸಿದ ಮೇಲೆ ಇಷ್ಟು ಸರಳವಾದದ್ದು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದಲ್ಲ ಅಂತ ಬೆರಗಾಯಿತು. ಹಗ್ಗ ಒದ್ದೆಯಾದಾಗ ಮಾತ್ರ ರಬ್ಬರ್ ಜಾರುತ್ತದೆ. ಮಳೆಯಲ್ಲಿ ಬೇಗನೇ ಒತ್ತಲು ಶುರು ಮಾಡಿ.

ನಡುವೆ ನಿಂತುಬಿಟ್ಟರೆ?

ನಿಂತೇ ನಿಲ್ಲುತ್ತೀರಿ, ಒಂದು ಸಲವಾದರೂ. ಹಗುರ ಇದ್ದವರು ಜಾಸ್ತಿ ನಿಲ್ಲುತ್ತಾರೆ. ಹಗುರ ಮೈಯ ವೇಗವನ್ನು ಗಾಳಿ ಬೇಗ ತಿನ್ನುತ್ತದೆ. ನಮ್ಮಲ್ಲಿ ಎಲ್ಲರಿಗಿಂತ ಹಗುರ ಇದ್ದ ಗೆಳತಿ ಎರಡನೆಯ ದಿನ ಬ್ರೇಕ್ ಬೇಗ ಒತ್ತಿ, ಜಗಲಿಗೆ ಇನ್ನೂ ಸುಮಾರು 30 ಮೀಟರ್ ಇರುವಾಗ ನಿಂತಳು. ನಿಂತವಳು ಹಿಂದಕ್ಕೆ ಜಾರತೊಡಗಿದಳು. ಕಣಿವೆಯ ನಡುವೆ, ಕೆಳಗೆ ಬರೀ ಹಸಿರು.

ಆಗ ಮಾಡಬೇಕಾದ್ದು ಇಷ್ಟು. ತಕ್ಷಣ ಹಗ್ಗ ಹಿಡಿದು ಜಾರುವುದನ್ನು ನಿಲ್ಲಿಸಿ. ನಿಂತ ಮೇಲೆ ಬೆನ್ನು ಜಗಲಿಯ ಕಡೆ ಬರುವಂತೆ ತಿರುಗಿ. ಕೈಯ ಮೇಲೆ ಕೈ ಹಾಕುತ್ತ ಹಗ್ಗವನ್ನು ಎಳೆದುಕೊಳ್ಳುತ್ತ ಹಿಂದೆ ಹಿಂದೆ ಹೋಗಿ. ಸುಸ್ತಾದರೆ ನಿಲ್ಲಿ, ಆದರೆ ಒಂದು ಕೈ ಹಗ್ಗದ ಮೇಲಿರಲಿ. ಅವಳು ನಾಲ್ಕೈದು ನಿಮಿಷ ಎಳೆದಿರಬಹುದು. ನಾವು ಜಗಲಿಯಿಂದ ಎಣಿಸುತ್ತಿದ್ದೆವು, ‘ಇನ್ನು ಹತ್ತು ಸಲ, ಇನ್ನು ಒಂಬತ್ತು ಸಲ’ ಅಂತ. ಬಂದು ಇಳಿದಾಗ ಅವಳ ಗ್ಲೌಸಿನ ಅಂಗೈ ಕಪ್ಪಗಾಗಿತ್ತು, ಎರಡು ಬೆರಳ ಹತ್ತಿರ ಹರಿದಿತ್ತು. ಗ್ಲೌಸ್ ಇಲ್ಲದಿದ್ದರೆ ಅದು ಚರ್ಮ ಆಗಿರುತ್ತಿತ್ತು, ಅಲ್ವಾ?

ತೀರಾ ಆಗದಿದ್ದರೆ ಗೈಡ್ ಬಂದು ಎಳೆದುಕೊಂಡು ಹೋಗುತ್ತಾರೆ. ಕೂಗಿ ಕರೆಯಲು ಸಂಕೋಚ ಬೇಡ.

ಇದು ಸುರಕ್ಷಿತವಾ?

ನೂರಕ್ಕೆ ನೂರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಉಕ್ಕಿನ ಹಗ್ಗಕ್ಕಿಂತ ನಮ್ಮ ಮೈಮರೆವಿನ ಭಯವೇ ಜಾಸ್ತಿ. ಮೊದಲ ದಿನ ಎಲ್ಲರೂ ಎರಡೆರಡು ಸಲ ಕೊಕ್ಕೆ ನೋಡಿಕೊಳ್ಳುತ್ತಾರೆ. ಮೂರನೆಯ ದಿನ ಕೈ ತಾನೇ ಓಡುತ್ತದೆ, ಕಣ್ಣು ನೋಡುವುದಿಲ್ಲ. ಆಗಲೇ ಕೆಡುವುದು.

ನಾವು ಒಂದು ನಿಯಮ ಮಾಡಿಕೊಂಡಿದ್ದೆವು. ಹೊರಡುವವರ ಕೊಕ್ಕೆಯನ್ನು ಹಿಂದಿರುವವರು ಕೈಯಿಂದ ಎಳೆದು ನೋಡಬೇಕು, ‘ನೋಡಿದೆ’ ಅಂತ ಬಾಯಿಬಿಟ್ಟು ಹೇಳಬೇಕು. ಆ ಮಾತು ಕಿವಿಗೆ ಬೀಳದೆ ಯಾರೂ ಕಾಲೆತ್ತುವಂತಿಲ್ಲ. ಕೊನೆಯ ದಿನ ಸುಸ್ತಿನಲ್ಲಿ ನಾನು ಕ್ಯಾರಾಬಿನರಿನ ಬಾಯಿ ಪೂರ್ತಿ ಮುಚ್ಚಿರಲಿಲ್ಲ. ರೋಲರ್ ಸರಿಯಾಗೇ ಕೂತಿತ್ತು, ಬೀಳುತ್ತಿರಲಿಲ್ಲ. ಆದರೂ ಹಿಂದಿದ್ದ ಗೆಳೆಯ ‘ತಡಿ’ ಅಂದು ನನ್ನ ಭುಜ ಹಿಡಿದಾಗ ಎದೆ ಧಸಕ್ಕೆಂದಿತು. ಗೆಳೆಯರ ಜೊತೆ ಹೋಗುವುದು ಯಾಕೆ ಅಂತ ಯಾರಾದರೂ ಕೇಳಿದರೆ ನಾನು ಆ ‘ತಡಿ’ಯನ್ನೇ ಹೇಳುತ್ತೇನೆ.

ಉಳಿದದ್ದು ಚಿಕ್ಕ ಮಾತುಗಳು. ಉದ್ದ ಕೂದಲು ಬಿಗಿಯಾಗಿ ಕಟ್ಟಿ. ಶಾಲು, ದುಪಟ್ಟ, ನೇತಾಡುವ ಕ್ಯಾಮೆರಾ ದಾರ ಬೇಡ. ಒಂದು ಹಗ್ಗದ ಮೇಲೆ ಒಬ್ಬರೇ. ಮುಂದಿನವರು ಇಳಿದು ಕೂಗಿದ ಮೇಲೆಯೇ ಹೊರಡಿ. ಗುಡುಗು ಕೇಳಿದರೆ ಕೂತುಬಿಡಿ, ಉಕ್ಕಿನ ಹಗ್ಗಕ್ಕೂ ಸಿಡಿಲಿಗೂ ಸ್ನೇಹ ಜಾಸ್ತಿ. ಕುಡಿದು ಹಗ್ಗ ಹತ್ತುವುದು ಬೇಡವೇ ಬೇಡ.

ನನಗೆ ಎತ್ತರ ಅಂದರೆ ಭಯ. ಬರಬಹುದಾ?

ಬರಬಹುದು. ನಮ್ಮಲ್ಲಿ ಒಬ್ಬನಿಗೆ ಬಾಲ್ಕನಿಯಿಂದ ಬಗ್ಗಿ ನೋಡುವುದಕ್ಕೂ ಆಗುತ್ತಿರಲಿಲ್ಲ. ಮೊದಲ ಹಗ್ಗದ ಹತ್ತಿರ ಅವನ ಕೈಕಾಲು ತಣ್ಣಗಾದವು. ನಾವು ‘ಏನೂ ಆಗಲ್ಲ ಹೋಗೋ’ ಅಂತ ಹೇಳಲಿಲ್ಲ. ಸುಮ್ನೆ ಪಕ್ಕದಲ್ಲಿ ನಿಂತೆವು. ಗೈಡ್ ಕೂಡ ಅವಸರ ಮಾಡಲಿಲ್ಲ. ಸುಮಾರು ಹತ್ತು ನಿಮಿಷ ಆದಮೇಲೆ ಅವನೇ ಕೂತ, ಕಣ್ಣು ಮುಚ್ಚಿಕೊಂಡೇ ಹೋದ. ನಾಲ್ಕನೆಯ ಹಗ್ಗದಲ್ಲಿ ಕಣ್ಣು ಬಿಟ್ಟನಂತೆ.

ಆದರೆ ಒಂದು ಮಾತು. ಮರಮನೆಗೆ ಬೇರೆ ದಾರಿ ಇಲ್ಲ. ಒಳಗೆ ಹೋದಮೇಲೆ ಹೊರಗೆ ಬರುವುದೂ ಹಗ್ಗದಲ್ಲೇ. ಬುಕ್ ಮಾಡುವ ಮುಂಚೆಯೇ ನಿಮ್ಮ ಭಯವನ್ನು ಗೆಳೆಯರಿಗೆ ಹೇಳಿ. ಬೇಡ ಅನಿಸಿದರೆ ಬೇಡ ಅನ್ನುವ ಹಕ್ಕು ನಿಮ್ಮದು, ಹಣ ಕಟ್ಟಿದ್ದರೂ ಸರಿ.

ಗಿಬ್ಬನ್ ಕಾಣುತ್ತದಾ?

ಎಲ್ಲಕ್ಕಿಂತ ಜಾಸ್ತಿ ಕೇಳಿದ್ದು ಇದನ್ನೇ. ಕಾಣುವುದು ಅದೃಷ್ಟ. ಕೇಳುವುದು ಬಹುಪಾಲು ಸಾಧ್ಯ, ಬೇಗ ಎದ್ದರೆ.

ಇಲ್ಲಿರುವುದು ಕಪ್ಪು ಜುಟ್ಟಿನ ಗಿಬ್ಬನ್. ಕೋತಿಯ ಹಾಗೆ ಬಾಲ ಇಲ್ಲ, ತೋಳು ಮೈಗಿಂತ ಉದ್ದ. ಚೀನಾದ ಯುನ್ನಾನ್, ವಿಯೆಟ್ನಾಮಿನ ಉತ್ತರ ಭಾಗ ಮತ್ತು ಲಾವೋಸಿನ ಈ ಮೂಲೆ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅತಿ ಅಪಾಯದ ಮೆಟ್ಟಿಲಲ್ಲಿದೆ. ಬಣ್ಣದ ಕಥೆ ನನಗೆ ಬಹಳ ಇಷ್ಟ: ಮರಿ ಹುಟ್ಟುವಾಗ ತಿಳಿ ಹೊಂಬಣ್ಣ. ಬೆಳೆಯುತ್ತ ಕಪ್ಪಾಗುತ್ತದೆ. ಗಂಡು ಕಪ್ಪಾಗಿಯೇ ಉಳಿಯುತ್ತದೆ. ಹೆಣ್ಣು ಪ್ರಾಯಕ್ಕೆ ಬಂದಾಗ ಮತ್ತೆ ಹೊಂಬಣ್ಣಕ್ಕೆ ತಿರುಗುತ್ತದೆ, ನೆತ್ತಿಯ ಮೇಲೆ ಮಾತ್ರ ಕಪ್ಪು ಮಚ್ಚೆ.

ಹಾಡುವುದು ಬೆಳಕು ಹರಿಯುವ ಹೊತ್ತಿಗೆ. ನಮ್ಮ ಎರಡನೆಯ ಬೆಳಗು ಆಕಾಶ ತಿಳಿಯಾಗಿತ್ತು. ಐವರೂ ಹೊದಿಕೆ ಹೊದ್ದು ಕಟಕಟೆಯ ಹತ್ತಿರ ಕೂತಿದ್ದೆವು, ಮಾತಿಲ್ಲ. ಮೊದಲು ಗಂಡಿನ ದನಿ, ಚಿಕ್ಕ ಚಿಕ್ಕ ಸಿಳ್ಳೆ. ಆಮೇಲೆ ಹೆಣ್ಣು ಸೇರಿಕೊಂಡಿತು. ಅದರ ದನಿ ಕೆಳಗಿನಿಂದ ಏರುತ್ತ ಏರುತ್ತ ವೇಗವಾಗಿ, ಕೊನೆಗೆ ನಡುಗುವ ಹಾಗೆ ಆಗಿ ನಿಂತಿತು. ಒಂದು ನಿಮಿಷ ಬಿಟ್ಟು ಮತ್ತೆ ಶುರು. ಕಣಿವೆಯ ಆಚೆಯಿಂದ ಬಂದರೂ ಪಕ್ಕದಲ್ಲೇ ಹಾಡಿದಷ್ಟು ಸ್ಪಷ್ಟ. ‘ಇದು ನಮ್ಮ ಜಾಗ, ನಾವು ಇಬ್ಬರಿದ್ದೇವೆ’ ಅಂತ ಅಕ್ಕಪಕ್ಕದ ಕುಟುಂಬಗಳಿಗೆ ಹೇಳುವುದು ಅದು.

ಆಮೇಲೆ ದೂರದ ಮರದಲ್ಲಿ ಒಂದು ಕೊಂಬೆ ಅಲುಗಿತು. ಕಪ್ಪನೆಯದೊಂದು ತೋಳು ಚಾಚಿ ಮುಂದಿನ ಕೊಂಬೆಗೆ ಹೋಯಿತು. ಅದರ ಹಿಂದೆ ಹೊಂಬಣ್ಣದ್ದು. ಐದಾರು ಸೆಕೆಂಡು ಅಷ್ಟೇ. ಗೆಳತಿಯ ಕಣ್ಣಲ್ಲಿ ನೀರಿತ್ತು. ನನ್ನದೂ ಒಣಗಿರಲಿಲ್ಲ. ಎರಡು ದಿನ ನಾವು ಹಾರ್ನೆಸ್, ರೋಲರ್, ಕೊಕ್ಕೆ ಎಲ್ಲ ಕಟ್ಟಿಕೊಂಡು ಮಾಡುತ್ತಿದ್ದುದನ್ನು ಅದು ಬರಿಗೈಯಲ್ಲಿ ಮಾಡಿತು.

ದಯವಿಟ್ಟು ಆ ಹೊತ್ತಿನಲ್ಲಿ ಹಾಡು ಹಾಕಬೇಡಿ, ಕೂಗಿ ಕರೆಯಬೇಡಿ. ಹಗ್ಗದ ಮೇಲೆ ಹಿಂದಿನ ದಿನ ಎಷ್ಟು ಬೇಕಾದರೂ ಕಿರುಚಿರಿ, ಬೆಳಗಿನ ಜಾವ ಮಾತ್ರ ಅವುಗಳದ್ದು.

ಯಾವ ತಿಂಗಳು ಒಳ್ಳೆಯದು?

ನವೆಂಬರಿನಿಂದ ಜನವರಿ. ಮಳೆ ನಿಂತಿರುತ್ತದೆ, ಕಾಡು ಇನ್ನೂ ಹಸಿರಾಗಿರುತ್ತದೆ. ರಾತ್ರಿ ಚಳಿ ಜೋರು, ಉಣ್ಣೆಯ ಟೋಪಿ ತೆಗೆದುಕೊಂಡು ಹೋಗಿ. ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಆ ಭಾಗದಲ್ಲೆಲ್ಲ ಹೊಲಕ್ಕೆ ಬೆಂಕಿ ಹಾಕುವ ಕಾಲ, ಹೊಗೆ ಕವಿದು ಕಣಿವೆ ಕಾಣುವುದಿಲ್ಲ. ಮೇ ತಿಂಗಳಿಂದ ಅಕ್ಟೋಬರ್ ಮಳೆಗಾಲ. ರಸ್ತೆ ಕೆಸರು, ನಡಿಗೆ ಜಾಸ್ತಿ, ಆದರೆ ಜನ ಕಮ್ಮಿ.

ಇಂಬಳ, ಇಲಿ, ಹಾವು?

ಮಳೆಗಾಲದಲ್ಲಿ ಇಂಬಳ ಇದ್ದೇ ಇರುತ್ತದೆ. ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ: ಉದ್ದ ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿ, ಹತ್ತಿದರೆ ಉಗುರಿನಿಂದ ಮೆಲ್ಲಗೆ ಬಿಡಿಸಿ. ಇಲಿ ರಾತ್ರಿ ಮರಮನೆಗೆ ಬರುತ್ತದೆ. ಬ್ಯಾಗಿನಲ್ಲಿ ಬಿಸ್ಕತ್ತು ಬಿಟ್ಟರೆ ಬ್ಯಾಗಿಗೇ ತೂತು. ತಿನ್ನುವುದನ್ನೆಲ್ಲ ಅಲ್ಲಿ ಇಟ್ಟಿರುವ ಮುಚ್ಚಳದ ಡಬ್ಬಿಗೆ ಹಾಕಿ. ಹಾವು ನಮಗೆ ಕಾಣಲಿಲ್ಲ. ಸೊಳ್ಳೆ, ಮಲೇರಿಯಾ ಬಗ್ಗೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿ.

ಊಟ ಹೇಗೆ? ಸಸ್ಯಾಹಾರಿಗಳು ಏನು ಮಾಡಬೇಕು?

ಊಟವೂ ಹಗ್ಗದ ಮೇಲೇ ಬರುತ್ತದೆ. ಗೈಡ್ ಒಬ್ಬರು ಟಿಫಿನ್ ಡಬ್ಬಿಗಳನ್ನು ಸೊಂಟಕ್ಕೆ ನೇತುಹಾಕಿಕೊಂಡು ಸರ್ರನೆ ಬಂದು ಇಳಿದಾಗ ಐವರೂ ಚಪ್ಪಾಳೆ ತಟ್ಟಿದೆವು. ಅಂಟಿನ ಅನ್ನ, ಬೇಯಿಸಿದ ಸೊಪ್ಪು, ತರಕಾರಿ, ಮಾಂಸ ಇರುತ್ತದೆ. ಅಂಟಿನ ಅನ್ನವನ್ನು ಕೈಯಲ್ಲಿ ಉಂಡೆ ಕಟ್ಟಿ ಪಲ್ಯಕ್ಕೆ ಅದ್ದಿ ತಿನ್ನುವುದು. ಮುದ್ದೆ ತಿಂದವರಿಗೆ ಕೈ ಕೂಡಲೇ ಕೂರುತ್ತದೆ. ಸಸ್ಯಾಹಾರ ಬೇಕಾದರೆ ಬುಕ್ ಮಾಡುವಾಗಲೇ ಹೇಳಿ, ಮೀನಿನ ಸಾಸ್ ಕೂಡ ಬೇಡ ಅಂತ ಬಿಡಿಸಿ ಹೇಳಿ. ಲಾವೊ ಅಡುಗೆಯಲ್ಲಿ ಅದು ಉಪ್ಪಿನ ಹಾಗೆ ಬಳಕೆಯಲ್ಲಿದೆ.

ಬ್ಯಾಗಿನಲ್ಲಿ ಏನಿರಬೇಕು?

ಚಿಕ್ಕ ಬ್ಯಾಗು, ಸಾಧ್ಯವಾದಷ್ಟು ಹಗುರ. ದೊಡ್ಡದನ್ನು ಹುವಾಯ್ ಸಾಯ್‌ನಲ್ಲೇ ಬಿಟ್ಟುಹೋಗಿ. ರಬ್ಬರ್ ಅಂಗೈ ಇರುವ ತೋಟದ ಗ್ಲೌಸ್ ಅಲ್ಲೇ ಅಂಗಡಿಯಲ್ಲಿ ಸಿಗುತ್ತದೆ, ತಲಾ ಎರಡು ಜೊತೆ ಕೊಳ್ಳಿ. ತಲೆಗೆ ಕಟ್ಟುವ ಟಾರ್ಚು, ಹಿಡಿತ ಇರುವ ಬೂಟು, ಮಳೆ ಅಂಗಿ, ಒಂದು ಬೆಚ್ಚನೆಯ ಅಂಗಿ, ನೀರಿನ ಬಾಟಲಿ, ನಿಮ್ಮ ಮಾತ್ರೆಗಳು. ಬೈನಾಕ್ಯುಲರ್ ಇದ್ದರೆ ಐದು ಜನಕ್ಕೆ ಒಂದು ಸಾಕು. ಫೋನು ಜಿಪ್ ಇರುವ ಜೇಬಿನಲ್ಲೇ ಇರಲಿ. ಅದು ಕೆಳಗೆ ಬಿದ್ದರೆ ಹುಡುಕಲು ಹೋಗುವ ಜಾಗವಲ್ಲ.

ಮೈ ಎಷ್ಟು ಗಟ್ಟಿ ಇರಬೇಕು?

ಹಗ್ಗ ಹಾರಿಸುತ್ತದೆ, ಏರನ್ನು ಕಾಲೇ ಹತ್ತಬೇಕು. ಪ್ರತಿ ಹಗ್ಗ ಕೆಳಗೆ ತಂದು ಬಿಡುತ್ತದೆ, ಮುಂದಿನದಕ್ಕೆ ಮತ್ತೆ ಏರಬೇಕು. ದಿನಕ್ಕೆ ಎರಡು ಮೂರು ಗಂಟೆ ಏರು ಇಳಿಜಾರಿನಲ್ಲಿ ನಡೆಯಲು ಆಗುವವರಿಗೆ ತೊಂದರೆಯಿಲ್ಲ. ಗುಂಪಿನಲ್ಲಿ ನಿಧಾನ ನಡೆಯುವವರನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಅವರು ಬಂದು ತಲುಪುವ ಹೊತ್ತಿಗೆ ಉಳಿದವರು ಸುಧಾರಿಸಿಕೊಂಡು ಎದ್ದಿರುತ್ತಾರೆ, ಅವರಿಗೆ ಮಾತ್ರ ಕೂರಲು ಸಮಯವೇ ಸಿಗುವುದಿಲ್ಲ. ನಾವು ಇದನ್ನು ಮೊದಲ ದಿನ ತಪ್ಪು ಮಾಡಿ ಕಲಿತೆವು.

ಕೊಟ್ಟ ದುಡ್ಡಿನಿಂದ ಕಾಡಿಗೆ ಏನು ಸಿಗುತ್ತದೆ?

ಗೈಡುಗಳು, ಅಡುಗೆಯವರು, ಕಾವಲಿನವರು ಎಲ್ಲ ಸುತ್ತಲ ಹಳ್ಳಿಗಳವರು. ಹಿಂದೆ ಬೇಟೆಯಾಡುತ್ತಿದ್ದವರೂ ಅವರಲ್ಲಿದ್ದಾರೆ. ಕಾಡು ನಿಂತಿದ್ದರೇ ಸಂಬಳ ಅಂತ ಆದಾಗ ಕೊಡಲಿ, ಕೋವಿ ಮೂಲೆ ಸೇರುತ್ತವೆ. ಗಿಬ್ಬನ್‌ಗೆ ಇದು ಜೀವದ ಪ್ರಶ್ನೆ. ಅದು ನೆಲಕ್ಕೆ ಇಳಿಯುವುದೇ ಅಪರೂಪ. ನಡುವೆ ಒಂದು ಪಟ್ಟಿ ಮರ ಕಡಿದರೆ ಆಚೆಯ ಕಾಡು ಅದಕ್ಕೆ ಬೇರೆ ದೇಶವೇ. ನಮ್ಮ ಗೈಡಿಗೆ ಇಂಗ್ಲಿಷ್ ಕಮ್ಮಿ ಬರುತ್ತಿತ್ತು. ಆದರೆ ಕಾಲುದಾರಿಯಲ್ಲಿ ತಟ್ಟನೆ ನಿಂತು, ಬಿದ್ದಿದ್ದ ಅರ್ಧ ಕಚ್ಚಿದ ಅತ್ತಿಹಣ್ಣನ್ನು ಎತ್ತಿ, ಮೂಸಿ, ಮೇಲಿನ ಕೊಂಬೆ ತೋರಿಸಿ ‘ಇವತ್ತು’ ಅಂದರು. ಗಿಬ್ಬನ್ ಅಲ್ಲಿ ಅವತ್ತೇ ತಿಂದು ಹೋಗಿತ್ತು. ‘ಸಬೈದೀ’ ಅಂದರೆ ನಮಸ್ಕಾರ, ‘ಖೋಪ್ ಚೈ’ ಅಂದರೆ ಥ್ಯಾಂಕ್ಸ್. ಇವೆರಡನ್ನಾದರೂ ಕಲಿತು ಹೋಗಿ.

ಇನ್ಶೂರೆನ್ಸ್ ಬೇಕಾ?

ಬೇಕೇ ಬೇಕು. ಜಿಪ್‌ಲೈನ್ ಎಂಬ ಪದ ಪಾಲಿಸಿಯಲ್ಲಿ ಇದೆಯಾ ಓದಿ ನೋಡಿ, ಸಾಹಸದ ಆಟಗಳನ್ನು ಬಿಟ್ಟುಬಿಡುವ ಪಾಲಿಸಿಗಳು ಜಾಸ್ತಿ. ದೊಡ್ಡ ಪೆಟ್ಟಾದರೆ ಗಡಿ ದಾಟಿ ಚಿಯಾಂಗ್ ರಾಯ್ ತನಕ ಹೋಗಬೇಕಾಗುತ್ತದೆ.

ಅಲ್ಲಿಂದ ಮುಂದೆ ಎಲ್ಲಿಗೆ?

ಲಾವೋಸಿನದೇ ಲುವಾಂಗ್ ಪ್ರಬಾಂಗ್ ಊರಿಗೆ ನಿಧಾನದ ದೋಣಿ ಹಿಡಿಯಿರಿ. ಮೆಕಾಂಗ್ ಮೇಲೆ ಎರಡು ದಿನ, ನಡುವಿನ ರಾತ್ರಿ ಪಾಕ್‌ಬೆಂಗ್ ಎಂಬ ಹಳ್ಳಿಯಲ್ಲಿ. ಕಾಡಿನಿಂದ ವಾಪಸು ಬಂದ ಮರುದಿನವೇ ನಾವು ಹತ್ತಿದೆವು. ಮೈಕೈ ನೋವಿಗೆ ಅದಕ್ಕಿಂತ ಒಳ್ಳೆಯ ಔಷಧಿ ಇರಲಿಲ್ಲ. ಮೊದಲ ತಿರುವಿನಲ್ಲಿ ದೋಣಿ ವಾಲಿದಾಗ ಐವರ ಕೈಯೂ ಒಟ್ಟಿಗೆ ಸೊಂಟಕ್ಕೆ ಹೋಯಿತು, ಕೊಕ್ಕೆ ಹುಡುಕಲು.